ಪ್ರಾರ್ಥನೆಯೇ ನೋವಾದಾಗ: ಒಂದು ಸಾಂತ್ವನ ಸೇವೆಯ ಪ್ರಕರಣ ಅಧ್ಯಯನ

ಆಕೆಗೆ 52 ವರ್ಷ. ಕ್ರೈಸ್ತ ಸಭೆಯಲ್ಲೇ ಹುಟ್ಟಿ ಬೆಳೆದವರು, ಸಂಡೇ ಸ್ಕೂಲಿನಲ್ಲಿ 20 ವರ್ಷಕ್ಕೂ ಹೆಚ್ಚು ಕಾಲ ಮಕ್ಕಳಿಗೆ ಪಾಠ ಹೇಳಿದವರು. ಒಂದು ರಾತ್ರಿ ಹತ್ತರ ಸುಮಾರಿಗೆ ಗಂಡನಿಗೆ ಎದೆ ಹಿಡಿದ ಹಾಗಾಯಿತು. ಗ್ಯಾಸ್ ಇರಬೇಕು ಎಂದುಕೊಂಡರು ಇಬ್ಬರೂ. ಆಕೆ ಮಂಚದ ಪಕ್ಕ ಮೊಣಕಾಲೂರಿ, ಗಂಡನ ಎದೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. 'ಈಗ ಪರವಾಗಿಲ್ಲ, ಮಲಗು' ಎಂದರು ಆತ. ಬೆಳಗಿನ ಜಾವ ಐದಕ್ಕೆ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು.

ಯಾರ ಗುರುತೂ ಸಿಗದಿರಲೆಂದು ಇಂಥ ಹಲವು ಮನೆಗಳ ವಿವರಗಳನ್ನು ಸೇರಿಸಿ ಈ ಪ್ರಕರಣವನ್ನು ಒಂದೇ ಕುಟುಂಬದ್ದೆಂಬಂತೆ ಬರೆದಿದ್ದೇವೆ. ದುಃಖದಲ್ಲಿರುವವರ ಮನೆಗೆ ಸಭೆಯ ಪರವಾಗಿ ಹೋಗುವವರಿಗೆ ಇದು ಉಪಯೋಗವಾಗಬೇಕು ಎಂಬುದು ಉದ್ದೇಶ. ಮುಂದೆ ಹೋಗುವ ಮೊದಲು ಒಂದು ಮಾತು. ಎದೆಯಲ್ಲಿ ಬಿಗಿತ ಅಥವಾ ಭಾರ ಕಾಣಿಸಿಕೊಂಡು ಕೆಲವು ನಿಮಿಷವಾದರೂ ಇಳಿಯದಿದ್ದರೆ, ಅಥವಾ ಅದರ ಜೊತೆ ಬೆವರು, ಉಸಿರಾಟದ ತೊಂದರೆ, ತೋಳಿಗೋ ದವಡೆಗೋ ಹರಿಯುವ ನೋವು ಇದ್ದರೆ, ಮೊದಲು ಆಂಬ್ಯುಲೆನ್ಸಿಗೆ ಕರೆ ಮಾಡಿ. ಪ್ರಾರ್ಥನೆಯನ್ನು ದಾರಿಯಲ್ಲೂ ಮಾಡಬಹುದು. ದೇವರ ಮೇಲಿನ ನಂಬಿಕೆಗೂ ಆಸ್ಪತ್ರೆಗೆ ಹೋಗುವುದಕ್ಕೂ ಜಗಳವಿಲ್ಲ.

ಮೊದಲ ಐದು ವಾರ

ಸಭೆಯವರು ಕೈಬಿಡಲಿಲ್ಲ. ಸಮಾಧಿಯ ದಿನದಿಂದಲೇ ಮನೆ ತುಂಬ ಜನ, ಎಲ್ಲರ ಬಾಯಲ್ಲೂ ಸತ್ಯವೇದದ (ಬೈಬಲಿನ) ವಾಕ್ಯ. ಆಕೆಯಾದರೋ ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡುತ್ತ ಬಂದರು. ಆರಾಧನೆಗೆ ಬಂದರೂ ಎರಡನೆಯ ಹಾಡಿಗೆ ಎದ್ದು ಹೊರಗೆ ಹೋಗುತ್ತಿದ್ದರು. ಮನೆಯಲ್ಲಿ ಸತ್ಯವೇದ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. 'ಅಮ್ಮ ಊಟದ ಮುಂಚಿನ ಪ್ರಾರ್ಥನೆಯನ್ನೂ ಬಿಟ್ಟಿದ್ದಾರೆ' ಎಂದು 19 ವರ್ಷದ ಮಗಳು ಪಾಸ್ಟರ್ ಹತ್ತಿರ ಬಂದು ಹೇಳಿದಾಗಲೇ ವಿಷಯ ಎಷ್ಟು ಆಳಕ್ಕೆ ಹೋಗಿದೆ ಎಂದು ಗೊತ್ತಾದದ್ದು.

ಅಷ್ಟರಲ್ಲಿ ಆಕೆ ಕೇಳಿಸಿಕೊಂಡಿದ್ದ ಮಾತುಗಳನ್ನು ಇಲ್ಲಿ ನೋಡಬೇಕು. ಹೇಳಿದವರೆಲ್ಲ ಪ್ರೀತಿಯಿಂದಲೇ ಹೇಳಿದ್ದರು, ಕೆಡುಕಾದದ್ದೂ ಆ ಮಾತುಗಳಿಂದಲೇ.

'ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ' ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯದ 28ನೇ ವಚನವನ್ನು ಕನಿಷ್ಠ ಹತ್ತು ಮಂದಿ ಹೇಳಿದ್ದರು. ಅದೇ ಅಧ್ಯಾಯವನ್ನು ಸ್ವಲ್ಪ ಮೇಲಿನಿಂದ ಓದಿಕೊಂಡು ಬಂದರೆ 22ರಲ್ಲಿ ಸೃಷ್ಟಿ ನರಳುತ್ತದೆ, 23ರಲ್ಲಿ ವಿಶ್ವಾಸಿಗಳು ನರಳುತ್ತಾರೆ, 26ರಲ್ಲಿ ಪವಿತ್ರಾತ್ಮನೇ ಮಾತಿಗೆ ಸಿಗದ ನರಳಾಟದಿಂದ ನಮಗಾಗಿ ಬೇಡುತ್ತಾನೆ. ಮೂರು ನರಳಾಟ ದಾಟಿದ ಮೇಲೆ 28 ಬರುತ್ತದೆ. ನಡೆದದ್ದೆಲ್ಲ ಒಳ್ಳೆಯದು ಎಂದು ಅದು ಹೇಳುವುದೂ ಇಲ್ಲ. ಐದು ವಾರದ ವಿಧವೆಯ ಕಿವಿಗೆ ಆ ಒಂದು ವಚನವನ್ನಷ್ಟೇ ಕಿತ್ತು ಕೊಟ್ಟರೆ 'ನಿನ್ನ ಗಂಡ ಸತ್ತದ್ದು ಒಳ್ಳೆಯದಾಯಿತು' ಎಂದೇ ಕೇಳಿಸುತ್ತದೆ.

'ತಾಳಿಕೊಳ್ಳಲಾರದ್ದನ್ನು ದೇವರು ಕೊಡುವುದಿಲ್ಲ' ಎಂಬುದು ಇನ್ನೊಂದು. 1 ಕೊರಿಂಥ 10:13ರಲ್ಲಿ ಅಪೊಸ್ತಲ ಪೌಲ ಹೇಳುವುದು ಪಾಪಕ್ಕೆ ಎಳೆಯುವ ಶೋಧನೆಯ ವಿಷಯ. ಅದೇ ಪೌಲ 2 ಕೊರಿಂಥ 1:8ರಲ್ಲಿ ನಮ್ಮ ಶಕ್ತಿಗೆ ಮೀರಿದ ಭಾರ ಬಿತ್ತು, ಬದುಕುವ ಆಸೆಯನ್ನೇ ಬಿಟ್ಟೆವು ಎಂದು ತನ್ನ ಬಗ್ಗೆಯೇ ಬರೆದುಕೊಂಡಿದ್ದಾನೆ. 'ಅಳಬೇಡಿ, ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬಾರದು' ಎಂದೂ ಕೆಲವರು ಹೇಳಿದರು. 1 ಥೆಸಲೋನಿಕ 4:13 ದುಃಖವನ್ನು ಬಿಡಿಸುವುದಿಲ್ಲ, ದುಃಖಕ್ಕೆ ನಿರೀಕ್ಷೆಯನ್ನು ಜೊತೆ ಮಾಡುತ್ತದೆ.

ವಾಕ್ಯಗಳು ಸುಳ್ಳಲ್ಲ, ಹೊತ್ತು ತಪ್ಪಿ ಬಂದವು. ವಾಕ್ಯಕ್ಕೆ ಎದುರಾಡುವ ಧೈರ್ಯ ಆಕೆಗಿರಲಿಲ್ಲ. 20 ವರ್ಷ ಮಕ್ಕಳಿಗೆ ಅದನ್ನೇ ಕಲಿಸಿದವರಲ್ಲವೇ? ಬಾಯಿ ಮುಚ್ಚಿಕೊಂಡರು.

ಭೇಟಿಗಳು ಶುರುವಾದದ್ದು

37ನೇ ದಿನ ಸಭೆಯ ಒಬ್ಬ ಹಿರಿಯ ಸಹೋದರಿಗೆ ಈ ಮನೆಯ ಹೊಣೆ ವಹಿಸಲಾಯಿತು. ವಾರಕ್ಕೊಂದು ಭೇಟಿ, ಅದೇ ದಿನ, ಅದೇ ಹೊತ್ತು, 40 ನಿಮಿಷ. ದಿನ ಗಟ್ಟಿ ಮಾಡಿಕೊಳ್ಳುವುದು ಸಣ್ಣ ವಿಷಯವಲ್ಲ. ದುಃಖದಲ್ಲಿರುವವರಿಗೆ ದಿನಗಳು ಒಂದಕ್ಕೊಂದು ಕಲಸಿಹೋಗಿರುತ್ತವೆ, ಮಂಗಳವಾರ ನಾಲ್ಕಕ್ಕೆ ಒಬ್ಬರು ಬಂದೇ ಬರುತ್ತಾರೆ ಎಂಬುದು ಹಿಡಿದುಕೊಳ್ಳಲು ಒಂದು ಗೂಟ. 40 ನಿಮಿಷ ಮೀರಿದರೆ ಬಂದವರನ್ನು ನೋಡಿಕೊಳ್ಳುವ ಭಾರವೂ ಆಕೆಯ ಮೇಲೇ ಬೀಳುತ್ತದೆ.

ಮೊದಲ ಎರಡು ಭೇಟಿಯಲ್ಲಿ ಸತ್ಯವೇದ ತೆರೆಯಬಾರದು ಎಂದು ಮೊದಲೇ ತೀರ್ಮಾನವಾಗಿತ್ತು. ಇದಕ್ಕೆ ಆಧಾರ 1 ಅರಸುಗಳು 19. ಸಾಯಬೇಕು ಎಂದು ಜಾಲಿ ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ ತೋರಿಸಿದ, ನೀರು ತೋರಿಸಿದ. ಎಲೀಯ ತಿಂದು ಮತ್ತೆ ಮಲಗಿದ, ದೂತ ಎರಡನೆಯ ಸಲವೂ ಬಂದು ತಿನ್ನಿಸಿದ. 'ಇಲ್ಲೇನು ಮಾಡುತ್ತೀ' ಎಂಬ ಪ್ರಶ್ನೆ ಬಂದದ್ದು 40 ದಿನದ ದಾರಿ ಕಳೆದ ಮೇಲೆ. ಹಾಗಾಗಿ ಸಹೋದರಿ ಕೇಳಿದ್ದು ನಿದ್ದೆಯ ವಿಷಯ, ಊಟದ ವಿಷಯ. 'ಹೇಗಿದ್ದೀರಿ' ಎಂದು ಕೇಳಿದರೆ 'ದೇವರ ಕೃಪೆ' ಎಂಬ ಉತ್ತರ ತಾನೇ ಬಂದುಬಿಡುತ್ತದೆ. 'ನಿನ್ನೆ ರಾತ್ರಿ ಎಷ್ಟು ಹೊತ್ತಿಗೆ ಎಚ್ಚರವಾಯಿತು?' ಎಂದು ಕೇಳಿದರೆ ನಿಜ ಬರುತ್ತದೆ. ಆಕೆಗೆ ದಿನಾ ಐದಕ್ಕೆ ಮುಂಚೆ ಎಚ್ಚರವಾಗುತ್ತಿತ್ತು.

ಮೂರನೆಯ ಭೇಟಿಯಲ್ಲಿ ಸಹೋದರಿ ನೇರವಾಗಿ ಕೇಳಿದರು: 'ಆ ರಾತ್ರಿ ಏನಾಯಿತು, ಹೇಳ್ತೀರಾ?' ಅಷ್ಟು ಜನ ಬಂದು ಹೋಗಿದ್ದರೂ ಇದನ್ನು ಯಾರೂ ಕೇಳಿರಲಿಲ್ಲ. ಆಕೆ ಎಲ್ಲವನ್ನೂ ಹೇಳಿ ಕೊನೆಗೆ ಅಂದರು: 'ಅಕ್ಕಾ, ನಾನು ಪ್ರಾರ್ಥನೆ ಮಾಡಿದ್ದಕ್ಕೇ ಅವರು ಸತ್ತರು. ಪ್ರಾರ್ಥನೆ ಮಾಡದೆ ಹೆದರಿದ್ದಿದ್ದರೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ.'

'ಛೆ, ಹಾಗೆಲ್ಲ ಅನ್ನಬೇಡಿ' ಎಂಬ ಮಾತು ಎಂಥವರ ನಾಲಿಗೆಗೂ ಬಂದುಬಿಡುವ ಗಳಿಗೆ ಅದು. ಸಹೋದರಿ ಅದನ್ನು ನುಂಗಿಕೊಂಡು, 'ಇದನ್ನು ಎಷ್ಟು ದಿನದಿಂದ ಒಬ್ಬರೇ ಹೊತ್ತಿದ್ದೀರಿ?' ಎಂದು ಕೇಳಿದರು. 'ಐವತ್ತೊಂದು ದಿನ' ಎಂಬ ಉತ್ತರ ತಡವಿಲ್ಲದೆ ಬಂತು. ಆಕೆ ಎಣಿಸಿಟ್ಟಿದ್ದರು.

ಅಲ್ಲಿಗೆ ಪ್ರಕರಣದ ಗಂಟು ಕಾಣಿಸಿತು. ನಂಬಿಕೆ ಬತ್ತಿಹೋಗಿತ್ತು ಎಂದಲ್ಲ. ಮೊಣಕಾಲೂರುವುದು, ಕೈಯಿಡುವುದು, ಕಣ್ಣು ಮುಚ್ಚುವುದು, ಇವೆಲ್ಲ ಆ ರಾತ್ರಿಯ ನೆನಪಿಗೆ ಅಂಟಿಕೊಂಡಿದ್ದವು. ಪ್ರಾರ್ಥನೆಗೆ ಕೂತರೆ ಕೈಗೆ ಗಂಡನ ಎದೆಯೇ ತಗುಲುತ್ತಿತ್ತು. 'ಇನ್ನೂ ಹೆಚ್ಚು ಪ್ರಾರ್ಥನೆ ಮಾಡಿ, ಸಮಾಧಾನ ಸಿಗುತ್ತದೆ' ಎಂಬ ಸಲಹೆ ಇಂಥವರಿಗೆ ಗಾಯವನ್ನು ದಿನಾ ಕೆದಕಿದ ಹಾಗೆ.

ಎರಡು ತಪಾಸಣೆ

ಮೊದಲನೆಯದು ಜೀವದ ಪ್ರಶ್ನೆ. 'ಬೆಳಗ್ಗೆ ಏಳದೇ ಇದ್ದರೆ ಚೆನ್ನಾಗಿತ್ತು' ಎಂದು ಆಕೆ ಅಂದಾಗ ಸಹೋದರಿ ಮಾತು ತೇಲಿಸಲಿಲ್ಲ. 'ಸಾಯಬೇಕು ಅನ್ನಿಸಿದೆಯಾ? ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯಾ?' ಎಂದು ಬಿಚ್ಚಿ ಕೇಳಿದರು. ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ. ಆಕೆಗೆ ಅಂಥ ಯೋಜನೆ ಇರಲಿಲ್ಲ. ಇದ್ದಿದ್ದರೆ ಒಂಟಿಯಾಗಿ ಬಿಡದೆ, ಅಪಾಯದ ವಸ್ತುಗಳನ್ನು ದೂರ ಮಾಡಿ, ಅವತ್ತೇ ವೈದ್ಯರ ಹತ್ತಿರ ಕರೆದೊಯ್ಯಬೇಕಿತ್ತು. ನಿದ್ದೆಯಿಲ್ಲದ ಕಾರಣಕ್ಕೆ ಆ ವಾರವೇ ವೈದ್ಯರಿಗೆ ತೋರಿಸಲಾಯಿತು. ತೀವ್ರ ದುಃಖ ಇಳಿಯದೆ ದಿನನಿತ್ಯದ ಬದುಕನ್ನೇ ನಿಲ್ಲಿಸಿಬಿಟ್ಟರೆ ಅದನ್ನು ಈಗ ಪ್ರತ್ಯೇಕ ಕಾಯಿಲೆ ಎಂದೇ ಗುರುತಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದಕ್ಕೆ ಕನಿಷ್ಠ 6 ತಿಂಗಳ ಅವಧಿ, ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲಿ ವಯಸ್ಕರಿಗೆ 12 ತಿಂಗಳು. ಎಂಟನೆಯ ವಾರದಲ್ಲಿ ಆ ಹೆಸರು ಹಚ್ಚುವ ಹಾಗಿಲ್ಲ, ಕಣ್ಣಿಟ್ಟಿರಬೇಕು.

ಎರಡನೆಯದು ನಂಬಿಕೆ ಎತ್ತ ತಿರುಗಿದೆ ಎಂಬುದು. ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ 14 ವಾಕ್ಯಗಳ ಪ್ರಶ್ನಾವಳಿ ಇಲ್ಲಿ ನೆರವಾಗುತ್ತದೆ. ದೇವರನ್ನು ಆಶ್ರಯಿಸುವ ಬಗೆಗೆ 7, ದೇವರೊಡನೆ ಜಗ್ಗಾಡುವ ಬಗೆಗೆ 7. ದೇವರು ನನ್ನನ್ನು ಬಿಟ್ಟನೇ, ಶಿಕ್ಷಿಸುತ್ತಿದ್ದಾನೆಯೇ, ಪ್ರೀತಿಸುತ್ತಾನೆಯೇ, ಅವನಿಗೆ ಶಕ್ತಿ ಇದೆಯೇ, ಸಭೆ ನನ್ನನ್ನು ಕೈಬಿಟ್ಟಿತೇ ಎಂಬಂಥವು ಎರಡನೆಯ ಗುಂಪಿನವು. ಕಾಗದ ಕೊಟ್ಟು ಅಂಕ ಹಾಕುವ ಅಗತ್ಯವಿಲ್ಲ, ಮಾತಿನ ನಡುವೆ ಕೇಳಿದರೆ ಸಾಕು. ಆಕೆಯ ಉತ್ತರ ಎರಡು ಕಡೆ ಗಟ್ಟಿಯಾಗಿತ್ತು: ಶಿಕ್ಷೆ ಮತ್ತು ಶಕ್ತಿ. ಸಭೆಯ ಬಗ್ಗೆ ದೂರಿರಲಿಲ್ಲ. ಹೀಗಾಗಿ ಮನೆಗೆ ಬರುವ ಬಾಗಿಲು ತೆರೆದೇ ಇತ್ತು.

ವೈದ್ಯರ ಎದುರು

ಆಕೆಯ ಪ್ರಶ್ನೆಯಲ್ಲಿ ಒಂದು ಪಾಲು ವೈದ್ಯಕೀಯದ್ದು. ಆಸ್ಪತ್ರೆಗೆ ಹೋಗಿದ್ದರೆ ಉಳಿಯುತ್ತಿದ್ದರೇ? ಅದಕ್ಕೆ ಪಾಸ್ಟರ್ ಉತ್ತರ ಹೇಳಬಾರದು. ಸಹೋದರಿ ಆಕೆಯನ್ನು ವೈದ್ಯರ ಹತ್ತಿರ ಕೂರಿಸಿ ಅದೊಂದನ್ನೇ ಕೇಳಿಸಿದರು. ವೈದ್ಯರು ಸಿಹಿ ಮಾತಾಡಲಿಲ್ಲ: 'ಬಂದಿದ್ದರೆ ಅವಕಾಶ ಹೆಚ್ಚಿತ್ತು. ಉಳಿಯುತ್ತಿದ್ದರು ಎಂದು ಯಾರೂ ಖಚಿತವಾಗಿ ಹೇಳಲಾರರು. ಹೃದಯದ ನೋವನ್ನು ಗ್ಯಾಸ್ ಎಂದುಕೊಳ್ಳುವುದು ತುಂಬ ಮಂದಿಗೆ ಆಗುತ್ತದೆ.'

ಈ ಉತ್ತರ ಆಕೆಯ ಭಾರವನ್ನು ಹೆಚ್ಚಿಸೀತು ಎಂಬ ಅಂಜಿಕೆ ಇತ್ತು. ಆಕೆ ಆ ರಾತ್ರಿ ಮೊದಲ ಸಲ ಐದು ಗಂಟೆ ನಿದ್ದೆ ಮಾಡಿದರು. ಅರ್ಧ ನಿಜವಾದ ಸಮಾಧಾನಕ್ಕಿಂತ ಪೂರ್ತಿ ನಿಜವಾದ ಕಹಿ ಕೆಲವೊಮ್ಮೆ ಹಗುರ ಎಂದು ನಮ್ಮ ತಿಳಿವಳಿಕೆ. 'ನಿಮ್ಮದೇನೂ ತಪ್ಪಿಲ್ಲ' ಎಂದು ಎಲ್ಲರೂ ಹೇಳುತ್ತಿದ್ದಾಗ ಆಕೆಗೆ ಯಾರೂ ತನ್ನನ್ನು ನಂಬುತ್ತಿಲ್ಲ ಎನ್ನಿಸಿತ್ತು.

13ನೇ ಕೀರ್ತನೆ, ಒಂದು ಹಾಳೆ

ಐದನೆಯ ಭೇಟಿಗೆ ಸಹೋದರಿ ಒಂದು ಹಾಳೆ, ಒಂದು ಪೆನ್ನು ತಂದಿದ್ದರು. ಸತ್ಯವೇದದ 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಪ್ರಲಾಪದವು, ಅಂದರೆ ದೇವರ ಮುಂದೆ ಅಳಲು ತೋಡಿಕೊಳ್ಳುವವು. ಅವುಗಳಲ್ಲಿ 13ನೆಯದು ಚಿಕ್ಕದು, ಆರೇ ವಚನ. ಮೊದಲ ಎರಡರಲ್ಲಿ 'ಎಷ್ಟರವರೆಗೆ' ಎಂಬ ದೂರು ನಾಲ್ಕು ಸಲ. 3 ಮತ್ತು 4ರಲ್ಲಿ ಬೇಡಿಕೆ: ನನ್ನನ್ನು ನೋಡು, ಉತ್ತರ ಕೊಡು. 5 ಮತ್ತು 6ರಲ್ಲಿ ಭರವಸೆಯ ಮಾತು. ಮೊದಲು ದೇವರನ್ನು ಕೂಗುವುದು, ಆಮೇಲೆ ದೂರು, ಆಮೇಲೆ ಬೇಡಿಕೆ, ಕೊನೆಗೆ ಭರವಸೆ. ಈ ಎಲುಬುಗೂಡನ್ನು ಯಾರು ಬೇಕಾದರೂ ತಮ್ಮ ಮಾತಿನಿಂದ ತುಂಬಿಕೊಳ್ಳಬಹುದು.

ಮಲಗುವ ಕೋಣೆ ಬೇಡ, ಮೊಣಕಾಲೂರುವುದು ಬೇಡ, ಕಣ್ಣು ಮುಚ್ಚುವುದೂ ಬೇಡ. ಕಿಟಕಿ ಪಕ್ಕದ ಕುರ್ಚಿ, ಹಗಲು ಹೊತ್ತು. ಸಹೋದರಿ ಕೀರ್ತನೆಯನ್ನು ನಿಧಾನವಾಗಿ ಎರಡು ಸಲ ಓದಿದರು. ಆಮೇಲೆ, 'ಮೊದಲ ಎರಡು ವಚನದ ಜಾಗದಲ್ಲಿ ನಿಮ್ಮ ಮಾತು ಬರೀರಿ' ಎಂದು ಹೇಳಿ ಸುಮ್ಮನೆ ಕೂತರು. ಇಪ್ಪತ್ತು ನಿಮಿಷಕ್ಕೆ ಮೂರು ಸಾಲು ಬಂತು:

ಕರ್ತನೇ, ನಾನು ಅವರ ಎದೆ ಮೇಲೆ ಕೈಯಿಟ್ಟಾಗ ನೀನು ಎಲ್ಲಿದ್ದೆ?
ಅವರು 'ಪರವಾಗಿಲ್ಲ' ಅಂದದ್ದನ್ನು ನೀನೂ ಕೇಳಿಸಿಕೊಂಡೆ. ಸುಳ್ಳು ಅಂತ ನಿನಗೆ ಗೊತ್ತಿತ್ತು.
ನನ್ನನ್ನು ಯಾಕೆ ಎಬ್ಬಿಸಲಿಲ್ಲ?

ಮೂರನೆಯ ಸಾಲಿನ ಕೆಳಗೆ ಪೆನ್ನು ಹಾಳೆಯನ್ನು ಹರಿದಿತ್ತು. ಬೇಡಿಕೆಯೂ ಇಲ್ಲ, ಭರವಸೆಯೂ ಇಲ್ಲ. ಇಲ್ಲಿ ಬಹಳ ಮಂದಿ ತಪ್ಪು ಮಾಡುತ್ತಾರೆ. 'ಈಗ 5ನೇ ವಚನ ಬರೆಯೋಣ' ಎಂದು ಕೈಹಿಡಿದು ನಡೆಸುತ್ತಾರೆ. ಹಾಗೆ ಬರೆಸಿದ ಭರವಸೆ ಬರೆಸಿದವರದೇ ಹೊರತು ಬರೆದವರದಲ್ಲ. 88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಯಾವ ತಿರುವೂ ಇಲ್ಲ, ಆದರೂ ಅದು ಸತ್ಯವೇದದಲ್ಲಿದೆ. ಸಹೋದರಿ ಅದನ್ನು ಓದಿ, 'ಇವರೂ ಇಲ್ಲೇ ನಿಲ್ಲಿಸಿದ್ದಾರೆ. ನಾವೂ ಇವತ್ತು ಇಲ್ಲಿಗೆ ನಿಲ್ಲಿಸೋಣ' ಎಂದರು. ಆಕೆ ಅವತ್ತು ಅತ್ತರು. ಸಮಾಧಿಯಲ್ಲೂ ಅತ್ತಿರಲಿಲ್ಲ.

ದೇವರನ್ನು ದೂರುವುದು ಅವಿಶ್ವಾಸವಲ್ಲವೇ ಎಂದು ಮಗಳಿಗೆ ಭಯವಾಗಿತ್ತು. ಪಾಸ್ಟರ್ ಅವಳಿಗೆ ತೋರಿಸಿದ್ದು ಶಿಲುಬೆ. 'ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ' ಎಂದು ಯೇಸು ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು. ಕೈಬಿಟ್ಟೆ ಎಂದು ಕೂಗುವಾಗಲೂ ಕರೆಯುವುದು 'ನನ್ನ ದೇವರೇ' ಎಂದೇ. ದೂರುವವರು ಎದುರಿಗೆ ನಿಂತು ಮಾತಾಡುತ್ತಿದ್ದಾರೆ. ನಂಟು ಕಡಿದವರು ದೂರುವುದೂ ಇಲ್ಲ.

ಎಡವಿದ್ದು

ಹದಿನಾಲ್ಕನೆಯ ವಾರ ಸಹೋದರಿ ಊರಲ್ಲಿರಲಿಲ್ಲ. ವಿಷಯ ಗೊತ್ತಿಲ್ಲದ ಎಂಟು ಮಂದಿಯ ಪ್ರಾರ್ಥನಾ ಗುಂಪು ಮನೆಗೆ ಬಂದು, ಆಕೆಯನ್ನು ನಡುವೆ ಕೂರಿಸಿ, ತಲೆ ಮತ್ತು ಹೆಗಲ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸಿತು. ಆಕೆ ನಡುಗಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎರಡು ವಾರ ಯಾರಿಗೂ ಬಾಗಿಲು ತೆರೆಯಲಿಲ್ಲ.

ಗುಂಪಿನವರದು ಒಳ್ಳೆಯ ಮನಸ್ಸೇ. ತಪ್ಪಿದ್ದು ವ್ಯವಸ್ಥೆ. ಕೈಯಿಡುವುದೇ ಆಕೆಯ ಗಾಯ ಎಂಬುದು ಇಬ್ಬರಿಗಷ್ಟೇ ಗೊತ್ತಿತ್ತು. ಆಕೆಯ ಗುಟ್ಟನ್ನು ಸಭೆಗೆಲ್ಲ ಹೇಳುವ ಹಾಗೂ ಇಲ್ಲ. ಆದರೆ ಗುಟ್ಟು ಹೇಳದೆಯೂ 'ಈ ಮನೆಗೆ ಹೋಗುವ ಮುಂಚೆ ಇವರನ್ನು ಕೇಳಿ, ಕೈಯಿಟ್ಟು ಪ್ರಾರ್ಥಿಸಬೇಡಿ' ಎಂಬ ಒಂದು ಸೂಚನೆ ಕೊಡಬಹುದಿತ್ತು. ಯಾವ ಮನೆಗೆ ಯಾರು ಹೋಗಬೇಕು ಎಂದು ನೋಡಿಕೊಳ್ಳಲು ಒಬ್ಬರು ಇರಲೇಬೇಕು. ಯಾವ ವಿಷಯವನ್ನು ಯಾರಿಗೆ ಹೇಳಬಹುದು ಎಂದು ಮೊದಲ ತಿಂಗಳಲ್ಲೇ ಆಕೆಯನ್ನೇ ಕೇಳಿ ಬರೆದಿಟ್ಟುಕೊಳ್ಳಬೇಕು. ಗುಂಪಿನ ಹಿರಿಯರು ಬಾಗಿಲ ಹೊರಗೆ ಒಂದು ಚೀಟಿ ಬಿಟ್ಟು ಹೋದರು: 'ಕೇಳದೆ ಬಂದದ್ದು ತಪ್ಪಾಯಿತು, ಕ್ಷಮಿಸಿ.' ಅದರಲ್ಲಿ ವಚನ ಬರೆದಿರಲಿಲ್ಲ. ಅದು ಸರಿಯಾದ ಕೆಲಸ.

ಬಾಗಿಲು ಮತ್ತೆ ತೆರೆದದ್ದು ಬೇರೊಂದು ದಾರಿಯಿಂದ. ಮಾರ್ಕ 2ರಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು ಚಾವಣಿ ತೆಗೆದು ಇಳಿಸುತ್ತಾರೆ. ಯೇಸು ನೋಡಿದ್ದು 'ಅವರ' ನಂಬಿಕೆಯನ್ನು ಎಂದು ಬರೆದಿದೆ. ರೋಗಿ ಒಂದು ಮಾತೂ ಆಡಿದ ಹಾಗೆ ಕಾಣುವುದಿಲ್ಲ. ಅದರಂತೆ ನಾಲ್ವರು ಮಹಿಳೆಯರು ಒಂದೊಂದು ದಿನ ಹಂಚಿಕೊಂಡು ತಮ್ಮ ತಮ್ಮ ಮನೆಯಲ್ಲೇ ಆಕೆಗಾಗಿ ಪ್ರಾರ್ಥಿಸಿ ಒಂದೇ ಸಾಲಿನ ಸಂದೇಶ ಕಳಿಸುತ್ತಿದ್ದರು: 'ಇವತ್ತು ನಿಮ್ಮ ಪಾಲಿನ ಪ್ರಾರ್ಥನೆ ನಾನು ಮಾಡಿದೆ. ಉತ್ತರ ಬೇಡ.' 'ಉತ್ತರ ಬೇಡ' ಎಂಬುದು ಮುಖ್ಯ. ದುಃಖದಲ್ಲಿರುವವರಿಗೆ ಪ್ರತಿ ಸಂದೇಶವೂ ತೀರಿಸಬೇಕಾದ ಸಾಲ ಆಗಿಬಿಡುತ್ತದೆ. ಹನ್ನೊಂದನೆಯ ದಿನ ಆಕೆಯೇ ಸಹೋದರಿಗೆ ಫೋನ್ ಮಾಡಿದರು.

ಮಾರ್ಥಳ ಮಾತು

ಆಮೇಲಿನ ಭೇಟಿಗಳಲ್ಲಿ ಒಂದು ದಿನ ಯೋಹಾನ 11ನ್ನು ಓದಿದರು. ಲಾಜರ ಸತ್ತು ನಾಲ್ಕು ದಿನವಾಗಿದೆ. 21ನೇ ವಚನದಲ್ಲಿ ಮಾರ್ಥಳು, 32ರಲ್ಲಿ ಮರಿಯಳು, ಇಬ್ಬರೂ ಯೇಸುವಿಗೆ ಅದೇ ಮಾತು ಹೇಳುತ್ತಾರೆ: ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಮಾತು ಒಂದೇ, ಸಿಕ್ಕಿದ್ದು ಬೇರೆ ಬೇರೆ. ಮಾರ್ಥಳಿಗೆ ಪುನರುತ್ಥಾನದ ಮಾತು ಸಿಕ್ಕಿತು. ಮರಿಯಳಿಗೆ ಯೇಸುವಿನ ಕಣ್ಣೀರು ಸಿಕ್ಕಿತು. ಇಬ್ಬರನ್ನೂ ಅವನು ಗದರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸಲಿದ್ದೇನೆ ಎಂದು ಗೊತ್ತಿದ್ದೂ ಅತ್ತ.

ಆಕೆ ಪುಟವನ್ನು ಬಹಳ ಹೊತ್ತು ನೋಡಿ ಹೇಳಿದರು: '"ಹೋಗಿದ್ದಿದ್ದರೆ, ಹೋಗಿದ್ದಿದ್ದರೆ" ಅಂತ ನಾನು ನನಗೇ ಹೇಳ್ಕೊಂಡು ಕೂತಿದ್ದೆ ಅಕ್ಕಾ. ಇವಳು ಅದನ್ನ ಅವನಿಗೇ ಹೇಳಿದಳು.' ಇದನ್ನು ಯಾರೂ ಆಕೆಗೆ ಬಿಡಿಸಿ ಹೇಳಿರಲಿಲ್ಲ, ಆಕೆಗೇ ಹೊಳೆಯಿತು. ಇಡೀ ಪ್ರಕರಣದಲ್ಲಿ ಸಾಂತ್ವನ ಎಂದು ಬೆರಳಿಟ್ಟು ತೋರಿಸಬಹುದಾದ ಜಾಗ ಇದು.

ತಪ್ಪಿತಸ್ಥ ಭಾವ ಆದರೂ ಉಳಿದಿತ್ತು. ಇಲ್ಲಿ ಪಾಪವನ್ನೂ ತಪ್ಪಿದ ಅಂದಾಜನ್ನೂ ಬೇರೆ ಮಾಡಿ ನೋಡಬೇಕು. ನೋವನ್ನು ಗ್ಯಾಸ್ ಎಂದುಕೊಂಡದ್ದು ಪಾಪವಲ್ಲ, ಆದ್ದರಿಂದ ಪಶ್ಚಾತ್ತಾಪ ಮಾಡಿಸಿ ಕ್ಷಮೆ ಸಾರುವುದು ಅನ್ಯಾಯ. ಪಾಪವಲ್ಲ ಎಂದ ಮಾತ್ರಕ್ಕೆ ಹೇಳಿಕೊಳ್ಳುವುದೇ ಬೇಡ ಎಂದರೆ ಅದೂ ಅನ್ಯಾಯ. ಆಕೆ ಗಂಡನಿಗೆ ಒಂದು ಪತ್ರ ಬರೆದು ಪಾಸ್ಟರ್ ಮತ್ತು ಸಹೋದರಿಯ ಮುಂದೆ ಓದಿದರು. ಪಾಸ್ಟರ್ 103ನೇ ಕೀರ್ತನೆಯ 14ನೇ ವಚನ ಓದಿದರು: ನಾವು ಎಂಥವರು ಎಂದು ಆತನು ಬಲ್ಲನು, ನಾವು ಧೂಳಾಗಿದ್ದೇವೆ ಎಂಬುದನ್ನು ನೆನಪಿಟ್ಟಿರುತ್ತಾನೆ. ಅದಕ್ಕೆ ವಿವರಣೆ ಕೊಡಲಿಲ್ಲ.

ಸಭೆಗೆ ಮರಳಿದ್ದು ಹಂತ ಹಂತವಾಗಿ. ಕೊನೆಯ ಸಾಲು, ಬಾಗಿಲ ಪಕ್ಕ, ಮಗಳ ಜೊತೆ. ಹಾಡುವುದು ಬೇಡ, ಕೇಳಿದರೆ ಸಾಕು. ಇಪ್ಪತ್ತೆರಡನೆಯ ವಾರ ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಗೆ) ಎದ್ದು ಬಂದರು. ಪ್ರಾರ್ಥನೆಯ ಮಾತು ಬಾರದವರಿಗೆ ಅದು ದೊಡ್ಡ ಆಸರೆ. ಅಲ್ಲಿ ಏನನ್ನೂ ಹೇಳಬೇಕಾಗಿಲ್ಲ, ಬರಿಗೈ ಚಾಚಿದರೆ ರೊಟ್ಟಿಯನ್ನು ಕೈಗೆ ಇಡುತ್ತಾರೆ. ಯಾರದೋ ಎದೆಯ ಮೇಲಿಟ್ಟು ಸೋತ ಕೈ ಎಂದು ಆಕೆ ಕರೆಯುತ್ತಿದ್ದ ಕೈ ಅದು.

ಹನ್ನೊಂದನೆಯ ತಿಂಗಳ ಸ್ಥಿತಿ

ನಿದ್ದೆ ಐದಾರು ಗಂಟೆ. ಎಚ್ಚರ ಈಗಲೂ ಐದಕ್ಕೆ ಮುಂಚೆ, ಎದೆ ಹೊಡೆದುಕೊಳ್ಳುವುದು ಕಡಿಮೆ. ಮಲಗುವ ಕೋಣೆ ಬದಲಾಯಿಸಿದ್ದಾರೆ. ಮೊಣಕಾಲೂರುವುದಿಲ್ಲ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಣ್ಣು ತೆರೆದುಕೊಂಡು ಒಂದು ಕೀರ್ತನೆ ಗಟ್ಟಿಯಾಗಿ ಓದುತ್ತಾರೆ. ಕೆಟ್ಟ ದಿನಗಳಲ್ಲಿ 88. ಕಾಯಿಲೆಯವರಿಗಾಗಿ ಪ್ರಾರ್ಥಿಸಿ ಎಂದು ಯಾರಾದರೂ ಕೇಳಿದರೆ ಈಗಲೂ ಆಗುವುದಿಲ್ಲ ಎನ್ನುತ್ತಾರೆ, ಯಾರೂ ಒತ್ತಾಯ ಮಾಡುವುದಿಲ್ಲ. ದೇವರು ಯಾಕೆ ಎಬ್ಬಿಸಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಅದನ್ನು ದೇವರ ಹತ್ತಿರವೇ ಕೇಳುತ್ತಿದ್ದಾರೆ.

13ನೇ ಕೀರ್ತನೆಯ ಹಾಳೆ ಸತ್ಯವೇದದೊಳಗೇ ಇದೆ. ಒಂಬತ್ತನೆಯ ತಿಂಗಳಲ್ಲಿ ಆಕೆ ತಾವಾಗಿಯೇ ಹರಿದ ಜಾಗದ ಕೆಳಗೆ ಬೇಡಿಕೆಯ ಸಾಲೊಂದನ್ನು ಸೇರಿಸಿದ್ದಾರೆ: 'ಮಗಳನ್ನು ನೋಡಿಕೋ.' ಭರವಸೆಯ ಜಾಗ ಖಾಲಿ ಇದೆ. ವರ್ಷ ತುಂಬುವ ದಿನ ಬೆಳಗಿನ ಜಾವ ಐದಕ್ಕೆ ಸಹೋದರಿ ಆ ಮನೆಯಲ್ಲಿರುತ್ತಾರೆ ಎಂದು ಈಗಲೇ ಮಾತಾಗಿದೆ.